ಸುಡಲೆಂದು ಹೊಲಿಸಿದ ಬಾವುಟ

ಹುಣಸೂರಿನಲ್ಲಿ ಟಿಬೆಟಿನ ಬಾವುಟವನ್ನು ನನ್ನಷ್ಟು ಚೆನ್ನಾಗಿ ಹೊಲಿಯುವವರು ಇನ್ನೊಬ್ಬರಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ. ನಮ್ಮ ಟೈಲರ್ ಅಂಗಡಿ ಇರುವುದು ಸಂತೆಗೆ ಹೋಗುವ ಬೀದಿಯಲ್ಲಿ. ನನ್ನ ಮಾವನ ಕಾಲದಿಂದಲೂ ಗುರುಪುರದ ಟಿಬೆಟಿನ ನಿರಾಶ್ರಿತರ ಕ್ಯಾಂಪಿನ ಲಾಮಾಗಳ ಕೆಂಪು ಬಟ್ಟೆ ನಮ್ಮಲ್ಲಿಗೇ ಬರುತ್ತದೆ. ಮುಸಲ್ಮಾನರ ಅಂಗಡಿಯ ಒಂದೇ ಹಗ್ಗದ ಮೇಲೆ ಬೌದ್ಧ ಸನ್ಯಾಸಿಗಳ ಬಟ್ಟೆ, ರೈತರ ಪಟಾಪಟಿ ಚಡ್ಡಿ, ಮದುವೆ ಹೆಣ್ಣುಗಳ ರವಿಕೆ ಎಲ್ಲವೂ ನೇತಾಡುತ್ತಿರುತ್ತವೆ.

ಗಂಡಸರ ಅಳತೆಯನ್ನು ನಾನು ತೆಗೆಯುವುದಿಲ್ಲ. ಅದು ನಮ್ಮ ಯಜಮಾನರ ಕೆಲಸ. ಅವರು ಟೇಪು ಹಿಡಿದು ಹೇಳುತ್ತಾರೆ, ನಾನು ಪರದೆಯ ಈಚೆ ಕುಳಿತು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಆಮೇಲೆ ಕತ್ತರಿ ಹಾಕುತ್ತೇನೆ. ಅವರ ದನಿ ಎಷ್ಟು ಮೆಲ್ಲಗೆಂದರೆ "ಮೂವತ್ತಾರಾ, ಮೂವತ್ತೆಂಟಾ?" ಎಂದು ನಾನು ಪ್ರತಿ ಸಲವೂ ಎರಡೆರಡು ಬಾರಿ ಕೂಗಿ ಕೇಳಬೇಕು. ಜಗಳವನ್ನೆಲ್ಲ ನನಗೆ, ಸಮಾಧಾನವನ್ನೆಲ್ಲ ಅವರಿಗೆ ಎಂದು ದೇವರು ಹಂಚಿಬಿಟ್ಟಿದ್ದಾನೆ.

ಬಾವುಟದ ಕೆಲಸವನ್ನು ಮೊದಲು ತಂದವಳು ಅಮಲಾ. ಅದು ಅವಳ ಹೆಸರಲ್ಲ, ಅವರ ಭಾಷೆಯಲ್ಲಿ ಅಮ್ಮಾ ಅಂದಹಾಗೆ. ಪುಟ್ಟ ಹುಡುಗಿಯಾಗಿದ್ದಾಗ ಅಪ್ಪನ ಬೆನ್ನ ಮೇಲೆ ಹಿಮದ ಬೆಟ್ಟ ದಾಟಿ ಬಂದವಳು, ಆಮೇಲೆ ದೊಡ್ಡವರ ಜೊತೆ ಗುರುಪುರದ ಕಾಡು ಕಡಿದು ಹೊಲ ಮಾಡಿದವಳು. ಆನೆ ಓಡಿಸುತ್ತ, ಕೂಲಿಯವರ ಜೊತೆ ಮಾತಾಡುತ್ತ ಕಲಿತ ಕನ್ನಡ ಅವಳದು. ಕಣ್ಣು ಮುಚ್ಚಿಕೊಂಡು ಕೇಳಿದರೆ ಹನಗೋಡಿನ ಗೌಡತಿಯೇ ಎದುರಿಗೆ ನಿಂತಿದ್ದಾಳೆ ಅನ್ನಿಸಬೇಕು. ನಮ್ಮ ಸಂತೆಯಲ್ಲಿ ಮೂಲೆಯ ಗೋಡೆಗೆ ಒತ್ತಿಕೊಂಡು ಟಾರ್ಪಾಲು ಹಾಸಿ ಮಂಕಿ ಕ್ಯಾಪು, ಕಾಲುಚೀಲ, ಸ್ವೆಟರು ಮಾರುವುದು ಅವಳ ವ್ಯಾಪಾರ.

ಆ ಬಾವುಟ ಹೊಲಿಯುವುದು ತಮಾಷೆಯ ಮಾತಲ್ಲ. ನಡುವೆ ಹಳದಿ ಸೂರ್ಯ, ಅದರಿಂದ ಹೊರಡುವ ಹನ್ನೆರಡು ಕಿರಣ, ಆರು ಕೆಂಪು, ಆರು ನೀಲಿ. ಕೆಳಗೆ ಬಿಳಿ ಬೆಟ್ಟ, ಬೆಟ್ಟದ ಮೇಲೆ ಎರಡು ಸಿಂಹ. ಸಿಂಹವನ್ನು ಕ್ಯಾಂಪಿನಲ್ಲೇ ಅಚ್ಚು ಹಾಕಿಸಿ ತಂದುಕೊಡುತ್ತಾರೆ, ಉಳಿದದ್ದೆಲ್ಲ ಕತ್ತರಿಸಿ ಕೂಡಿಸಬೇಕು. ಸುತ್ತ ಹಳದಿ ಪಟ್ಟಿ. ಮೊದಲ ಸಲ ನಾನು ನಾಲ್ಕೂ ಕಡೆ ಪಟ್ಟಿ ಕೊಟ್ಟು ನೀಟಾಗಿ ಮುಗಿಸಿದ್ದೆ. ಬಟ್ಟೆಯ ಒಂದು ಅಂಚನ್ನು ಬರಿದಾಗಿ ಬಿಡುವುದಕ್ಕೆ ಯಾವ ಟೈಲರಿಗಾದರೂ ಕೈ ಬರುತ್ತದೆಯೇ? ಅಮಲಾ ಅದನ್ನು ಬಿಡಿಸಿ ನೋಡಿ, "ಬಿಚ್ಚು ಕಣಮ್ಮ ಇದ್ನ. ಮೂರೇ ಕಡೆ ಪಟ್ಟಿ. ಈ ಕಡೆ ಅಂಗೇ ಇರ್ಬೇಕು" ಅಂದಳು.

"ಯಾಕೆ?"

"ಬ್ಯಾರೆಯೋರ ಮಾತೂ ಒಳಕ್ ಬರ್ಲಿ ಅಂತ."

ಅರ್ಧ ಗಂಟೆ ಹೊಲಿಗೆ ಬಿಚ್ಚುತ್ತ ಮನಸ್ಸಿನಲ್ಲೇ ಬೈದುಕೊಂಡೆ. ಆದರೆ ಆ ಮಾತು ಎಲ್ಲೋ ಸಿಕ್ಕಿಕೊಂಡಿತು, ಹೋಗಲಿಲ್ಲ.

ನಾನೇನೂ ಹುಟ್ಟಾ ಒಳ್ಳೆಯವಳಲ್ಲ. ನನ್ನ ತವರು ಪಿರಿಯಾಪಟ್ಟಣ. ಶಾಲೆಯ ದಿನಗಳಲ್ಲಿ ಕ್ಯಾಂಪಿನ ಮಕ್ಕಳು ಬಸ್ಸು ಹತ್ತಿದರೆ ನಾವು ಹಿಂದಿನ ಸೀಟಿನವರು ಕಣ್ಣನ್ನು ಬೆರಳಿನಿಂದ ಎಳೆದು "ಚಿಂಗ್ ಚಾಂಗ್" ಎಂದು ರೇಗಿಸುತ್ತಿದ್ದೆವು. ಅವರು ಕಿಟಕಿಯ ಆಚೆ ನೋಡುತ್ತ ಕೂತಿರುತ್ತಿದ್ದರು. ಅದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಬಹಳ ದಿನ ಅಂದುಕೊಂಡಿದ್ದೆ. ಯಾರಾದರೂ ಹೇಳಿಕೊಡದೆ ಮಕ್ಕಳಿಗೆ ಮೂಗು, ಕಣ್ಣು ನೋಡಿ ಜನರನ್ನು ಬೇರೆಮಾಡುವ ಲೆಕ್ಕ ಬರುವುದಿಲ್ಲ ಎಂಬುದು ಅದೇ ಲೆಕ್ಕ ನಮ್ಮ ಮನೆಯ ಮೇಲೆ ಬಿದ್ದಾಗ ಗೊತ್ತಾಯಿತು.

ಅದು ರೋಗದ ವರ್ಷ. ಎಲ್ಲ ಬಾಗಿಲು ಹಾಕಿದ್ದ ದಿನಗಳಲ್ಲಿ ಊರಿನ ಮೊಬೈಲುಗಳಲ್ಲೆಲ್ಲ ಒಂದೇ ಸುದ್ದಿ: ರೋಗ ಹರಡುತ್ತಿರುವವರು ಮುಸಲ್ಮಾನರು, ಅಂದರೆ ನಾವು. ಅಷ್ಟರಲ್ಲಿ ನಾನು ಉಳಿದ ತುಂಡು ಬಟ್ಟೆಯಲ್ಲಿ ಮಾಸ್ಕು ಹೊಲಿದು ಬೀದಿಯವರಿಗೆಲ್ಲ ಹಂಚಿಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಅದರಲ್ಲಿ ಮುಕ್ಕಾಲು ಪಾಲು ಒಂದು ಚೀಲದಲ್ಲಿ ತುಂಬಿ ನಮ್ಮ ಷಟರಿಗೆ ನೇತುಹಾಕಿದ್ದರು. ಉಗುಳು ಹಚ್ಚಿ ಹೊಲಿದಿದ್ದಾಳಂತೆ. ಇಪ್ಪತ್ತೈದು ವರ್ಷದಿಂದ ನನ್ನ ಕೈಯ ರವಿಕೆ ತೊಟ್ಟವರು! ಆ ದಿನ ನಾನು ಅಡುಗೆ ಮಾಡಲಿಲ್ಲ. ಬಸ್ಸು ಶುರುವಾದ ಮೇಲೆ ಬಂದ ಅಮಲಾ ಆ ಚೀಲ ನೋಡಿ, ಏನೂ ಕೇಳದೆ ಹೆಗಲಿಗೇರಿಸಿಕೊಂಡು ಹೋಗಿ ಕ್ಯಾಂಪಿನಲ್ಲಿ ಮನೆಮನೆಗೆ ಹಂಚಿದಳು.

ಆ ಮಳೆಗಾಲದಲ್ಲೇ ಗಡಿಯಲ್ಲಿ ಚೀನಾದವರ ಜೊತೆ ಹೊಡೆದಾಟವಾಗಿ ನಮ್ಮ ಸೈನಿಕರು ತೀರಿಕೊಂಡರು. ಊರು ಉರಿದೆದ್ದಿತು. ನನಗೂ ಹೊಟ್ಟೆ ಉರಿದಿತ್ತು, ಸುಳ್ಳೇಕೆ ಹೇಳಲಿ. ಆದರೆ ಚೀನಾ ದೂರ, ಗುರುಪುರ ಹತ್ತಿರ. ನೋಡನೋಡುತ್ತಿದ್ದಂತೆ ಮೊಬೈಲಿನಲ್ಲಿ ಮೂಗು, ಕಣ್ಣಿನ ಮಾತು ಶುರುವಾಯಿತು. ನಮ್ಮನ್ನು ಬಿಟ್ಟು ಕ್ಯಾಂಪಿನವರನ್ನು ಹಿಡಿದುಕೊಂಡರು.

ಸಂತೆ ಮತ್ತೆ ತೆರೆಯುವ ಮೂರು ದಿನ ಮೊದಲು ಒಬ್ಬ ಹುಡುಗ ಅಂಗಡಿಗೆ ಬಂದ. ಹನಗೋಡಿನ ಕಡೆಯ ರೈತರ ಮಗ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು, ತಾಲ್ಲೂಕಿನ ದೇಶಭಕ್ತ ಹುಡುಗರ ಗುಂಪಿಗೆ ಅವನೇ ಮುಂದಾಳು. ಅವನ ಮೊದಲ ಪ್ಯಾಂಟು ಹೊಲಿದದ್ದೂ ನಾವೇ.

"ಟೈಲರಕ್ಕ, ಒಂದ್ ಬಾವುಟ ಆಗ್ಬೇಕಲ್ಲ. ದೊಡ್ಡದು. ಸಂತೆ ದಿನ ಬೆಳಿಗ್ಗೆಗೆ."

"ಯಾವುದಪ್ಪ?"

"ಚೀನಾದ್ದು ಕಣಕ್ಕ. ಸುಡಾಕೆ."

ಮೊಬೈಲು ತೆಗೆದು ಫೋಟೋ ತೋರಿಸಿದ. ಆರು ಕೆಂಪು, ಆರು ನೀಲಿ, ನಡುವೆ ಸೂರ್ಯ, ಮೂರು ಕಡೆ ಹಳದಿ ಪಟ್ಟಿ. ಕ್ಯಾಂಪಿನ ಕಟ್ಟಡದ ಮೇಲೆ ಹಾರುತ್ತಿದ್ದ ಆ ಬಾವುಟ ನಾನೇ ಹೊಲಿದದ್ದು.

"ನಮ್ ನೆಲದಾಗೆ ಕುಂತ್ಕಂಡು ಅವ್ರ್ ದೇಶದ ಬಾವುಟ ಆರಿಸ್ತಾವ್ರೆ ನೋಡಕ್ಕ. ಎಷ್ಟ್ ಕೊಬ್ಬಿರ್ಬೇಕು! ಸಂತೆ ಬಾಗ್ಲಲ್ಲೇ ಸುಡ್ತೀವಿ. ಇನ್ಮ್ಯಾಕೆ ಒಬ್ರೂ ಕ್ಯಾಂಪಿನೋರು ಸಂತೇಲಿ ಅಂಗ್ಡಿ ಆಕಂಗಿಲ್ಲ."

"ಅವರು ಟಿಬೆಟಿನವರಲ್ವೇನಪ್ಪ?"

"ಟಿಬೆಟ್ ಎಲ್ಲೈತೆ? ಮ್ಯಾಪ್ ನೋಡಿ. ಚೀನಾ ಒಳ್ಗೇ ಐತೆ." ಹೊರಡುವಾಗ ಹೊಸಿಲ ಮೇಲೆ ನಿಂತು ಇನ್ನೊಂದು ಮಾತು ಸೇರಿಸಿದ: "ದೇಶದ ಕೆಲ್ಸ ಕಣಕ್ಕ. ನೀವೂ ನಮ್ ಜೊತೆಗಿದೀರ ಅಂತ ಊರಿಗೂ ಗೊತ್ತಾಗ್ಲಿ."

ಹುಡುಗ ಕೆಟ್ಟವನಲ್ಲ. ಆ ಮಾತನ್ನು ಅವನು ಬೆದರಿಕೆಯೆಂದು ಹೇಳಲಿಲ್ಲ, ಉಪಕಾರವೆಂದೇ ಹೇಳಿದ. ನನಗೆ ಹೆಚ್ಚು ಭಯವಾದದ್ದು ಅದಕ್ಕೇ.

ಯಜಮಾನರು ನಮ್ಮ ಮನೆಯ ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟು: "ಕೇಳಿದ್ದನ್ನು ಹೊಲಿದುಕೊಡುವುದು ನಮ್ಮ ಕೆಲಸ. ಬಾಯಿ ಬಿಡಬೇಡ. ಬೆಂಕಿ ಈ ಸಲ ನಮ್ಮ ಬಾಗಿಲಿಗೆ ಬರಲಿಲ್ಲವಲ್ಲ, ಅಲ್ಲಾನಿಗೆ ಶುಕ್ರ್ ಹೇಳು."

ನಾನು ಸಿಡುಕಿದೆ. ಆದರೆ ನಿಜ ಹೇಳುತ್ತೇನೆ, ಅರ್ಧ ದಿನ ನನಗೂ ಹಾಗೇ ಅನ್ನಿಸಿತ್ತು. ಊರಿನ ಕಣ್ಣು ಬೇರೆ ಕಡೆ ತಿರುಗಿತು ಎಂದು ಮೈ ಹಗುರಾಗಿತ್ತು. ಆ ಅರ್ಧ ದಿನಕ್ಕಾಗಿ ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಅಮಲಾ ಫೋನು ಮಾಡಿದಳು. "ಸಂತೆ ಶುರುವಾಯ್ತದಂತಲ್ಲಮ್ಮ, ಬರ್ಲಾ? ಕಾಲುಚೀಲ ಮೂಟೆಗಟ್ಲೆ ಅಂಗೇ ಕುಂತದೆ."

ಬರಬೇಡ ಅನ್ನುವುದು ಸುಲಭವಿತ್ತು. ಆದರೆ ಸಂತೆಯ ಜಾಗಕ್ಕೆ ಕಾಗದಪತ್ರ ಇರುವುದಿಲ್ಲ. ಕೂತವರದೇ ಜಾಗ. ತೆರೆದ ಮೊದಲ ವಾರ ಬರದಿದ್ದರೆ ಎರಡನೇ ವಾರಕ್ಕೆ ಅಲ್ಲಿ ಇನ್ನೊಬ್ಬರ ಟಾರ್ಪಾಲು ಬಿದ್ದಿರುತ್ತದೆ. ಮೂವತ್ತು ವರ್ಷ ಕೂತ ಗೋಡೆಯ ಮೂಲೆ ಒಂದೇ ದಿನದಲ್ಲಿ ಹೋಗುತ್ತದೆ, ಆ ಮುದುಕಿ ಮತ್ತೆ ಅದನ್ನು ಹಿಡಿಯಲಾರಳು. ಹುಡುಗರಿಗೂ ಬೇಕಾಗಿದ್ದದ್ದು ಅದೇ. ನಾನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ.

ಆ ಕಡೆ ಮುದುಕಿ ನಕ್ಕಳು. "ಬತ್ತೀನಿ ಕಣಮ್ಮ. ನೀನು ಚಂದಾಗಿ ಹೊಲಿ. ನಾಕೂ ಕಡೆ ಪಟ್ಟಿ ಆಕ್ಬುಟ್ಟೀಯ ಮತ್ತೆ!"

ಫೋನು ಇಟ್ಟು ನಾನು ಕತ್ತರಿ ಹಿಡಿದೆ. ಹೊಲಿಯುವುದಿಲ್ಲ ಅಂದರೆ ಹುಡುಗರು ಮೈಸೂರಿಗೆ ಹೋಗಿ ಪ್ರಿಂಟು ಹಾಕಿಸಿ ತರುತ್ತಾರೆ. ಆಗ ಬಾವುಟ ನನ್ನ ಕೈಯಲ್ಲಿ ಇರುವುದಿಲ್ಲ, ಮಾತೂ ನನ್ನದಾಗುವುದಿಲ್ಲ. ನನ್ನ ಕೈಯಲ್ಲೇ ಇರಲಿ ಎಂದು ಹಟ ಬಂತು. ಸಿಂಹದ ಅಚ್ಚಿನ ಬಟ್ಟೆ ಹಿಂದಿನ ಸಲದ್ದು ಒಂದು ಉಳಿದಿತ್ತು, ಎರಡು ಹಗಲು ಕೂತು ಹೊಲಿದೆ. ಅಷ್ಟು ಸೊಗಸಾದ ಬಾವುಟವನ್ನು ಅದಕ್ಕೂ ಮುಂಚೆ ಹೊಲಿದಿರಲಿಲ್ಲ, ಆಮೇಲೂ ಹೊಲಿದಿಲ್ಲ. ಯಜಮಾನರು ಎರಡನೇ ದಿನ ಬಂದು, ಕಿರಣದ ಚೂಪು ತುದಿಗಳನ್ನು ಒಂದೊಂದಾಗಿ ಮಡಿಸಿ ಇಸ್ತ್ರಿ ಹಾಕಿಕೊಟ್ಟರು.

ನಡುವೆ ಹುಡುಗನ ಅಪ್ಪನನ್ನು ಕರೆಸಿದೆ. ಆತ ಅಮಲಾಳ ಹೊಲವನ್ನೇ ಗುತ್ತಿಗೆಗೆ ಹಿಡಿದು ಮುಸುಕಿನ ಜೋಳ ಬೆಳೆಯುವವರು. ಮಗ ಆ ಹೊಲಕ್ಕೆ ಕಾಲಿಟ್ಟವನಲ್ಲ. ವಿಷಯ ಕೇಳಿ ಅವರು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತರು.

"ನಾನು ಅವ್ನ ವಯಸ್ನಾಗೆ ಎಗಲ್ ಮ್ಯಾಲೆ ಅಸ್ರು ಟವಲ್ ಆಕ್ಕಂಡು ಜೈಲ್ಗೋದೋನು ಕಣ್ ಬೂಬಮ್ಮ. ನಮ್ಗೆ ಏಳ್ಕೊಟ್ಟಿದ್ದು ಒಂದೇಯ, ಉಳೋನು ನಮ್ಮೋನು ಅಂತ. ಇವ್ನ್ಗೆ ಯಾರೋ ಮೂಗು ನೋಡಾದ ಏಳ್ಕೊಟ್ಟವ್ರೆ. ನಾನು ಏಳುದ್ರೆ ಕೇಳಾಕಿಲ್ಲ."

ಹಸಿರು ಟವೆಲಿನ ರೈತ ಸಂಘದವರೂ ದೇವತೆಗಳೇನಲ್ಲ. ಕೋಟೆ ತಾಲ್ಲೂಕಿನ ಕಾಡಿನ ಹಾಡಿಗಳಿಂದ ಹೊಗೆಸೊಪ್ಪು ಕೀಳಲು ಬರುವ ಜೇನುಕುರುಬರಿಗೆ ಬೇರೆ ಲೋಟ ಇಟ್ಟವರು ಅವರಲ್ಲೂ ಇದ್ದರು. ಅದನ್ನು ಈ ರೈತರಿಗೆ ಮುಖದ ಮೇಲೇ ಹೇಳಿದೆ. "ದಿಟ ಕಣಮ್ಮ" ಅಂದರು. ಆದರೂ ಒಂದು ಕಾಲದ ಘೋಷಣೆ ಈ ಮನುಷ್ಯನನ್ನು ಕ್ಯಾಂಪಿನ ಹೊಲದ ಬದುವಿನ ತನಕ ಕರೆದುಕೊಂಡು ಹೋಗಿತ್ತು. ಇನ್ನೊಂದು ಕಾಲದ ಘೋಷಣೆ ಅವರ ಮಗನಿಗೆ ಬೆಂಕಿಪೊಟ್ಟಣ ಕೊಟ್ಟಿತ್ತು. ಇಬ್ಬರೂ ಒಂದೇ ಮನೆಯಲ್ಲಿ ಉಂಡು ಮಲಗುವವರು.

ಸಂತೆಯ ದಿನ ಜಿಟಿಜಿಟಿ ಮಳೆ. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡ ಇಪ್ಪತ್ತು ಮೂವತ್ತು ಹುಡುಗರು ಬಾಗಿಲಲ್ಲಿ ಕೂಗುತ್ತಿದ್ದರು. ಬಾವುಟ ತರಲು ಯಾರನ್ನೂ ಕಳಿಸಬೇಡಿ, ನಾನೇ ತರುತ್ತೇನೆ ಎಂದು ಹೇಳಿದ್ದೆ. ಬುರ್ಖಾ ಹಾಕಿಕೊಂಡು, ಬಾವುಟ ಎದೆಗೆ ಒತ್ತಿಕೊಂಡು ಹೋದೆ. ಯಜಮಾನರು ಹತ್ತು ಹೆಜ್ಜೆ ಹಿಂದೆ ಛತ್ರಿ ಹಿಡಿದು ಬಂದರು. ಇಬ್ಬರು ಹುಡುಗರಿಗೆ ಎರಡು ತುದಿ ಕೊಟ್ಟು ಬಿಡಿಸಿದೆ. ಆ ಮೋಡದ ಬೆಳಿಗ್ಗೆಯಲ್ಲಿ ಹಳದಿ, ಕೆಂಪು, ನೀಲಿ ಕಣ್ಣಿಗೆ ಹೊಡೆದವು. ಕೂಗು ಸ್ವಲ್ಪ ಕಡಿಮೆಯಾಯಿತು.

"ಸುಡೋ ಮುಂಚೆ ಹೊಲಿದೋಳ ಒಂದು ಮಾತು ಕೇಳಿ" ಅಂದೆ. "ಈ ಬಾವುಟ ಚೀನಾದ್ದಲ್ಲ. ಇದನ್ನ ಅಲ್ಲಿ ಯಾರಾದ್ರೂ ಹಾರಿಸಿದ್ರೆ ಹಿಡಿದು ಜೈಲಿಗೆ ಹಾಕ್ತಾರೆ. ಇದನ್ನ ಕಂಡ್ರಾಗದಿರೋದು ಚೀನಾ ಸರ್ಕಾರಕ್ಕೆ. ಅವರು ಮಾಡೋ ಕೆಲಸಾನ ಇಲ್ಲಿ ನೀವು ಮಾಡಿಕೊಡೋಕೆ ಹೊರಟಿದೀರ, ಅದೂ ಬಿಟ್ಟಿ!"

ತರಕಾರಿಯವರ ಸಾಲಿನಿಂದ ಯಾರೋ ಕಿಸಕ್ಕನೆ ನಕ್ಕರು. ಮುಂದಾಳು ಹುಡುಗನ ಮುಖ ಕೆಂಪಾಯಿತು. "ನೀವ್ ಏಳಿದ್ದನ್ನ ನಾವ್ ನಂಬ್ಬೇಕಾ? ನೀವ್ ಯಾವ್ ಕಡೆಯೋರು ಅಂತ ನಮ್ಗೊತ್ತಿಲ್ವಾ?"

ನಗು ನಿಂತಿತು. ಷಟರಿಗೆ ನೇತುಹಾಕಿದ್ದ ಆ ಚೀಲ ಕಣ್ಣ ಮುಂದೆ ಬಂತು. ಜೀವಮಾನದಲ್ಲೇ ಮೊದಲ ಸಲ ನಾನು ಜಗಳದಲ್ಲಿ ಒಂದು ಹೆಜ್ಜೆ ಹಿಂದೆ ಸರಿದೆ.

ಅಷ್ಟರಲ್ಲಿ ಹಿಂದಿನಿಂದ, "ದಾರಿ ಬುಡ್ರಪ್ಪ, ದಾರಿ ಬುಡಿ" ಎನ್ನುತ್ತ ಅಮಲಾ ನುಗ್ಗಿಬಂದಳು. ಬೆನ್ನ ಮೇಲೆ ಮೂಟೆ. ಅವಳ ಹಿಂದೆ ಕ್ಯಾಂಪಿನ ಇನ್ನೂ ಐದಾರು ಮುದುಕಿಯರು. ಮೂಟೆ ಇಳಿಸಿ ನೇರ ಬಾವುಟದ ಹತ್ತಿರ ಹೋದಳು. ಹಣೆಗೊತ್ತಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಮೊದಲು ನೋಡಿದ್ದು ಪಟ್ಟಿ ಇಲ್ಲದ ಅಂಚನ್ನು. ಬೆರಳಿನಿಂದ ಉದ್ದಕ್ಕೂ ಸವರಿ, "ಸರ್ಯಾಗೈತೆ ಕಣಮ್ಮ" ಅಂದಳು ನನಗೆ. ಆಮೇಲೆ ಹಣೆಗೊತ್ತಿಕೊಂಡಳು.

ಆಮೇಲೆ ಹುಡುಗನ ಕಡೆ ತಿರುಗಿದಳು. "ನೀನು ನಮ್ ಜೋಳದಪ್ಪನ ಮಗ ಅಲ್ವೇನ್ಲಾ? ಚೀನಾ ಮ್ಯಾಲೆ ಕ್ವಾಪಾನ? ನಂಗೆ ನಿಮ್ಮಪ್ಪ ಉಟ್ಟಕ್ ಮುಂಚಿಂದ್ಲೂ ಕ್ವಾಪ ಅದೆ ಕಣ್ಲಾ! ನಮ್ ಮನೆ ಸುಟ್ಟೋರು ಅವ್ರು. ನಮ್ಮಣ್ಣನ್ನ ಇಡ್ಕಂಡೋರು ಅವ್ರು. ಬಾ, ಕೂಗಾನ. ಎಷ್ಟ್ ಕೂಗ್ತೀಯೋ ಕೂಗು, ನಿನ್ಗಿಂತ ಒಂದ್ ಕೂಗು ಜಾಸ್ತಿ ನಾನ್ ಕೂಗ್ತೀನಿ. ಇಡ್ಕ ಆ ತುದಿಯ."

ಅವನ ಕೈಗೆ ಬಾವುಟದ ಮೂಲೆ ತುರುಕಿದಳು. ಹುಡುಗ ಒಂದು ಕೈಯಲ್ಲಿ ಬಾವುಟ, ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು ಪೆಚ್ಚಾಗಿ ನಿಂತ. ಗುಂಪಿನೊಳಗಿಂದ ಅವನ ಅಪ್ಪ ಬಂದು ಬೆಂಕಿಪೊಟ್ಟಣ ಕಿತ್ತುಕೊಂಡು, ಅದರಲ್ಲೇ ಒಂದು ಬೀಡಿ ಹಚ್ಚಿಕೊಂಡರು. ಆಗ ಬಿದ್ದ ನಗು ಇಡೀ ಸಂತೆಗೆ ಕೇಳಿಸಿತು. ಹುಡುಗ ಒಂದು ಗಳಿಗೆ ಅಪ್ಪನನ್ನು ನೋಡಿದ, ಮುದುಕಿಯನ್ನು ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು ತನ್ನ ಹುಡುಗರಿಗೆ, "ಲೇ, ನಡೀರ್ಲಾ. ಅಜ್ಜಿ ಮುಂದಿರ್ಲಿ" ಅಂದ.

ಮೆರವಣಿಗೆ ಹೊರಟಿತು. ಮುಂದೆ ಆ ಬಾವುಟ, ಅದರ ಹಿಂದೆ ಮುದುಕಿಯರು, ಹಿಂದೆ ಹುಡುಗರು, ಅವರ ಹಿಂದೆ ನಾನು. ನನ್ನ ಪಕ್ಕ ಯಜಮಾನರು, ಈಗ ಒಂದು ಹೆಜ್ಜೆಯೂ ಹಿಂದಲ್ಲ. ಅಮಲಾ ಕೂಗಿದ ಕೂಗಿಗೆ ಹುಡುಗರ ದನಿ ಅಡಗಿಹೋಯಿತು. ಸರ್ಕಲ್ಲು ಸುತ್ತಿ ಬಂದವಳೇ ಗೋಡೆಯ ಮೂಲೆಯಲ್ಲಿ ಟಾರ್ಪಾಲು ಹಾಸಿ ಕೂತಳು. ಮಳೆಯಲ್ಲಿ ತೊಯ್ದಿದ್ದ ಹುಡುಗರೇ ಮೊದಲ ಗಿರಾಕಿಗಳು. ಮಧ್ಯಾಹ್ನದ ಹೊತ್ತಿಗೆ ಮೂಟೆಯಲ್ಲಿ ಒಂದು ಮಂಕಿ ಕ್ಯಾಪೂ ಉಳಿದಿರಲಿಲ್ಲ. ನಾನು ಅಂಗಡಿಗೆ ಬಂದು ಪರದೆ ಎಳೆದುಕೊಂಡು ಅತ್ತೆ. ಗೆದ್ದಾಗಲೂ ಅಳು ಬರುತ್ತದೆಂದು ನನಗೆ ಆವತ್ತೇ ಗೊತ್ತಾದದ್ದು.

ಆದರೆ ಸಂಜೆ ಯಜಮಾನರು ಮೆಲ್ಲಗೆ ಒಂದು ಮಾತು ಕೇಳಿದರು. "ಮುದುಕಿಯ ವೈರಿಯೂ ಅವರ ವೈರಿಯೂ ಒಂದೇ ಆಗಿದ್ದಕ್ಕೆ ಅವಳನ್ನು ಒಳಗೆ ಬಿಟ್ಟುಕೊಂಡರು. ನಮ್ಮನ್ನು?" "ನೀವ್ ಯಾವ್ ಕಡೆಯೋರು" ಎಂದು ಆ ಹುಡುಗ ಕೇಳಿದ ಪ್ರಶ್ನೆ ಹಾಗೇ ಉಳಿದಿತ್ತು.

ಅದು ಒಂದೆರಡು ವರ್ಷದ ಮೇಲೆ ವಾಪಸು ಬಂತು. ನಮ್ಮವರ ಅಂಗಡಿಗಳಿಗೆ ಹೋಗಬೇಡಿ, ಕೆಲಸ ಕೊಡಬೇಡಿ ಎಂದು ಬೀದಿಯಲ್ಲಿ ಕರಪತ್ರ ಹಂಚಿದರು. ಕೆಳಗೆ ಯಾರ ಹೆಸರೂ ಇರಲಿಲ್ಲ. ಲಾಮಾಗಳ ಬಟ್ಟೆ ಬಿಟ್ಟರೆ ನಮ್ಮ ಹಗ್ಗ ಬರಿದಾಯಿತು. ಹಳೆಯ ಗಿರಾಕಿಗಳು ಎದುರು ಬದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದರು. ಅಮಲಾ ಮಾತ್ರ ಸಂತೆಯ ದಿನಗಳಲ್ಲಿ ವ್ಯಾಪಾರಕ್ಕೆ ಕೂರುವ ಮೊದಲು ಬಂದು ನಮ್ಮ ಬೆಂಚಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಅರ್ಧ ಗಂಟೆ ಕೂತು ಹೋಗುತ್ತಿದ್ದಳು.

ಅಂಥ ಒಂದು ಸಂತೆಯ ದಿನ, ಬೀದಿ ತುಂಬಿ ಹರಿಯುತ್ತಿರುವಾಗ, ಆ ಹುಡುಗ ಬಂದ. ಕಂಕುಳಲ್ಲಿ ಸೂಟಿನ ಬಟ್ಟೆ.

"ಮದ್ವೆ ಕಣಕ್ಕ. ಒಲುದ್ಕೊಡ್ಬೇಕು."

"ಕರಪತ್ರ ಓದಲಿಲ್ಲವೇನಪ್ಪ?" ನನ್ನ ದನಿ ಗಡುಸಾಗಿಯೇ ಇತ್ತು.

"ಓದ್ದೆ. ಮನೆಮನೆಗೆ ಅಂಚು ಅಂತ ನಂಗೂ ಒಂದ್ ಕಟ್ಟು ಕೊಟ್ಟಿದ್ರು." ನೆಲ ನೋಡಿದ. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿದ. "ಅಂಚ್ಲಿಲ್ಲ. ಒಲೆಗಾಕ್ದೆ. ಅವತ್ತು ಸಂತೆ ಬಾಗ್ಲಲ್ಲಿ ನಿಮ್ಗೆ ಒಂದ್ ಮಾತು ಅಂದ್ಬುಟ್ಟಿದ್ದೆ ಕಣಕ್ಕ. ಅದು ತಪ್ಪು."

"ಒಳಗೆ ಬಾಪ್ಪ, ಅಳತೆ ತಗೋತಾರೆ" ಅಂದೆ.

"ಬ್ಯಾಡ. ಅಂದಿದ್ದು ಬೀದೀಲಿ. ಅಳ್ತೆನೂ ಬೀದೀಲೇ ತಗೊಳ್ಲಿ. ನೋಡೋರೆಲ್ಲ ನೋಡ್ಲಿ."

ಹೇಳಿದವನೇ ಅಂಗಡಿಯ ಮೆಟ್ಟಿಲಿಳಿದು ರಸ್ತೆಯ ನಡುವೆ ಎರಡೂ ತೋಳು ಚಾಚಿ ನಿಂತ. ಸೈಕಲ್ಲಿನವರು, ಜೋಳದ ಮೂಟೆಯವರು, ತಲೆ ತಗ್ಗಿಸಿ ಹೋಗುತ್ತಿದ್ದ ನಮ್ಮ ಹಳೆಯ ಗಿರಾಕಿಗಳು, ಎಲ್ಲರೂ ನಿಂತರು. ಬೆಂಚಿನ ಮೇಲಿದ್ದ ಅಮಲಾ ಕಾಲು ಮಡಿಸಿಕೊಂಡು ಸರಿಯಾಗಿ ಕೂತಳು. ಯಜಮಾನರು ಕನ್ನಡಕ ಒರೆಸಿ ಹಾಕಿಕೊಂಡು, ಕೊರಳಿಗೆ ಟೇಪು ಹಾಕಿಕೊಂಡು ನಿಧಾನವಾಗಿ ಬೀದಿಗಿಳಿದರು. ನಾನು ಪರದೆಯನ್ನು ಪೂರ್ತಿ ಸರಿಸಿ, ಪುಸ್ತಕ ತೆರೆದು ಕಾದೆ.

"ಎದೆ ಮೂವತ್ತೆಂಟು!"

ಸಂತೆಯ ಬಾಗಿಲ ತನಕ ಕೇಳಿಸಿರಬೇಕು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಆ ದನಿ ಕೇಳಿರಲಿಲ್ಲ.

"ತೋಳು ಇಪ್ಪತ್ತನಾಲ್ಕು! ಹೆಗಲು ಹದಿನೆಂಟು!"

ನಾನು ಒಂದೊಂದನ್ನೂ ಬರೆದುಕೊಂಡೆ. ಯಾವುದನ್ನೂ ಎರಡನೇ ಸಲ ಕೇಳಬೇಕಾಗಲಿಲ್ಲ.